ನೈಋತ್ಯದ ಕೋಣೆ

ನಮ್ಮ ಸಾಫ್ಟ್‌ವೇರ್ ಜನ ಮುಗಿಬೀಳುವ ಕ್ಯುಪರ್ಟಿನೋದಲ್ಲಿ ಮನೆ ಕೊಳ್ಳುವುದು ಕನಸಿನ ಮಾತಾದ್ದರಿಂದ ನಾವು ವೆಸ್ಟ್ ಓಕ್‌ಲ್ಯಾಂಡಿನಲ್ಲಿ ಹಳೆಯ ಮರದ ಮನೆ ಕೊಂಡೆವು. "ಕರಿಯರ ಏರಿಯಾನಾ?" ಎಂದು ಮೂಗು ಮುರಿದ ಹಾಸನ, ಮಂಡ್ಯದ ಗೆಳೆಯರು ಗೃಹಪ್ರವೇಶಕ್ಕೆ ಬಂದು, ಚಿರೋಟಿ ತಿನ್ನುತ್ತಲೇ ಕಾರು ಅಲ್ಲೇ ಇದೆಯೇ ಎಂದು ಕಿಟಕಿಯಲ್ಲಿ ಹತ್ತು ಸಲ ಇಣುಕಿದರು. ಅವರ ಮೇಲಿನ ಸಿಟ್ಟು ಇನ್ನೂ ಆರಿಲ್ಲ. ನನ್ನ ಮೇಲಿನದು ಆರುವುದೂ ಇಲ್ಲ.

ಪಕ್ಕದ ಮನೆಯ ಕರಿಯ ಅಜ್ಜಿಗೆ ನಮ್ಮನ್ನು ಕಂಡರಾಗುತ್ತಿರಲಿಲ್ಲ. ನಮ್ಮ ಮನೆ ಕಟ್ಟಿದವನು ಅವಳ ಮುತ್ತಜ್ಜ. ಒಂದು ಶನಿವಾರ ಕೇಳದೆಯೇ ಒಳಬಂದು, ಹಿಂದಿನ ಮೂಲೆಯಲ್ಲಿ ನೆಲದ ಹಲಗೆ ಎತ್ತಿಸಿದಳು. ಕೆಳಗೆ ನಾಲ್ಕು ಮೆಟ್ಟಿಲು, ಗಿಡ್ಡ ಬಾಗಿಲು, ಆಚೆ ಇಬ್ಬರು ಕೂರುವಷ್ಟು ಕೋಣೆ. ಬಾಗಿಲಿಗೆ ಚಿಲಕ ಇದ್ದದ್ದು ಒಳಗಡೆ ಮಾತ್ರ.

ಮುತ್ತಜ್ಜನನ್ನು ಒಡೆಯ ಚಿನ್ನ ಅಗೆಯಲು ಗುಲಾಮನಾಗಿ ಇಲ್ಲಿಗೆ ತಂದಿದ್ದನಂತೆ. ತಪ್ಪಿಸಿಕೊಂಡವನನ್ನು, ಗುಲಾಮಗಿರಿಯ ವಿರುದ್ಧ ನಿಂತಿದ್ದ ಕರಿಯರು ಕೊಲ್ಲಿಯಾಚೆಯ ಊರಿನಲ್ಲಿ ಮನೆಯಿಂದ ಮನೆಗೆ ಬಚ್ಚಿಟ್ಟು ಕಾಪಾಡಿದ್ದರು. ಆಮೇಲೆ ಅವನು ಈಚೆ ಬಂದು ಈ ಮನೆ ಕಟ್ಟಿದ.

"ಎತ್ತರದ ಕಿಟಕಿ, ಕೆತ್ತನೆ ನೋಡಿ ಎಲ್ರೂ ಫೋಟೋ ತೆಗೀತಾರೆ. ಮನೆ ಅಂದ್ರೆ ಇದು," ಎಂದಳು ಕೋಣೆ ತೋರಿಸಿ. "ಗುಲಾಮಗಿರಿ ಮುಗೀತು ಅಂತ ಕಾನೂನು ಬಂದ್ಮೇಲೆ ಕಟ್ಟಿದ್ದು. ಆದ್ರೂ ಅಡಗೋಕೆ ಜಾಗ ಇಟ್ಕೊಂಡ. ಕಾನೂನು ನಂಬೋಕೆ ಅವನೇನು ದಡ್ಡನಾ? ಇದೊಂದನ್ನ ಮುಟ್ಟಬೇಡಿ. ಮಾತು ಕೊಡು."

ಕೊಟ್ಟೆ.

ಮುಂದಿನ ವರ್ಷ ಡಾಟ್‌ಕಾಂ ಕಂಪನಿಗಳು ಒಂದೊಂದಾಗಿ ಮಗುಚಿಕೊಂಡವು. ಗಂಡನ ಆಫೀಸಿನಲ್ಲೂ ಲೇಆಫ್ ಶುರುವಾಯಿತು. ಮಹಾಶಯರು ಆ ಕೋಣೆಯನ್ನೂ ಗುರುತು ಹಾಕಿದ ಮನೆಯ ನಕ್ಷೆಯನ್ನು ಬೆಂಗಳೂರಿನ ವಾಸ್ತು ಪಂಡಿತರಿಗೆ ಫ್ಯಾಕ್ಸ್ ಮಾಡಿದರು. ಉತ್ತರ ಬಂತು: ನೈಋತ್ಯದಲ್ಲಿ ಹಳ್ಳವಿದೆ, ಯಜಮಾನನ ಕೆಲಸಕ್ಕೆ ಕುತ್ತು, ಕೂಡಲೇ ಮುಚ್ಚಿಸಿ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ.

"ರೀ, ಆ ಅಜ್ಜಿಗೆ ಮಾತು ಕೊಟ್ಟಿದೀನಿ."

"ಮಾತು ಇಟ್ಕೊಂಡು ಏನ್ಮಾಡ್ತೀಯಾ? ನಮ್ಮಿಬ್ರ ವೀಸಾನೂ ನನ್ನ ಕೆಲಸದ ಮೇಲೆ ನಿಂತಿದೆ ಕಣೇ."

ಬಾಯಿ ಮುಚ್ಚಿಕೊಂಡೆ. ಗಂಡನನ್ನು ಬೈದು ಪಾರಾಗುವ ಹಾಗೂ ಇಲ್ಲ. ವಾಸ್ತು ಎಂದರೆ ನಗುತ್ತಿದ್ದ ನಾನೇ ಆ ಫ್ಯಾಕ್ಸನ್ನು ದೇವರ ಮುಂದಿಟ್ಟು ಕೈಮುಗಿದಿದ್ದೆ.

ಸೋಮವಾರ ಕಾಂಕ್ರೀಟಿನ ಲಾರಿ ಬಂತು. ಅದಕ್ಕೆ ಮುಂಚೆ ನಾನು ಕೆಳಗಿಳಿದು ಚಿಲಕ ಬಿಚ್ಚಿಕೊಂಡೆ, ಅದೇ ದೊಡ್ಡ ಉಪಕಾರವೆಂಬಂತೆ. ಅಜ್ಜಿ ತನ್ನ ಜಗಲಿಯಲ್ಲಿ ನಿಂತಿದ್ದಳು. ಲಾರಿಯತ್ತ ಒಮ್ಮೆಯೂ ನೋಡಲಿಲ್ಲ. ಕೋಣೆ ತುಂಬುವವರೆಗೂ ನನ್ನನ್ನೇ ನೋಡುತ್ತಿದ್ದಳು.

ಎರಡೇ ವಾರದಲ್ಲಿ ಗಂಡನ ಕೆಲಸ ಹೋಯಿತು. ಪಂಡಿತರನ್ನು ಕೇಳಿದರೆ ಈಶಾನ್ಯದಲ್ಲೂ ದೋಷವಿದೆ ಎಂದರು.

ಊರಿಗೆ ಹೊರಡುವ ಮುನ್ನ ಚಿಲಕವನ್ನು ಹುಣಸೆಹಣ್ಣು ಹಾಕಿ ತಿಕ್ಕಿ, ಒರೆಸಿ, ಅಜ್ಜಿಯ ಬಾಗಿಲು ತಟ್ಟಿದೆ. "ಇದು ನಿಮ್ಮದು," ಎಂದು ಅಂಗೈ ಚಾಚಿದೆ.

ಅವಳು ಮುಟ್ಟಲಿಲ್ಲ.

"ಬಾಗಿಲೇ ಇಲ್ವಲ್ಲ. ನೀನೇ ಇಟ್ಕೋ," ಎಂದಳು. "ನಿನ್ನ ಬಾಯಿಗೆ ಸರಿಹೋಗುತ್ತೆ."