ಭಾವನ ಕೊರಳ ಪೆನ್‌ಡ್ರೈವ್

ಕಂಪ್ಯೂಟರಿನಲ್ಲಿ ಫೈಲುಗಳು ಹೆಚ್ಚಿದಷ್ಟೂ ಅದರ ತೂಕವೂ ಹೆಚ್ಚುತ್ತದೆಂದು ಪಾರ್ಸೆಲ್ ಆಫೀಸಿನ ಆ ಗುಮಾಸ್ತ ಬಹಳ ಕಾಲ ನಂಬಿದ್ದ. ನಂಬಿ ಸುಮ್ಮನಿರಲಿಲ್ಲ. ಒಂದು ಮಧ್ಯಾಹ್ನ ತನ್ನ ಲ್ಯಾಪ್‌ಟಾಪನ್ನು ಆಫೀಸಿನ ತಕ್ಕಡಿಯ ಮೇಲಿಟ್ಟು ತೂಗಿ, ಹಳೆಯ ಸಿನಿಮಾಗಳನ್ನೆಲ್ಲ ಅಳಿಸಿ, ಮತ್ತೆ ತೂಗಿದ. ಮುಳ್ಳು ಅಲ್ಲಾಡಲಿಲ್ಲ. ತಕ್ಕಡಿ ಕೆಟ್ಟಿದೆಯೆಂದು ಮೇಲಧಿಕಾರಿಗೆ ದೂರು ಕೊಟ್ಟ. ಇಷ್ಟು ಬುದ್ಧಿಯಿದ್ದವನಿಗೆ ಅಕ್ಕನ ಗಂಡ ಮಹಾಪಂಡಿತನಾಗಿ ಕಂಡದ್ದರಲ್ಲಿ ಆಶ್ಚರ್ಯವೇನಿಲ್ಲ.

ಭಾವನದು ಕಂಪ್ಯೂಟರ್ ರಿಪೇರಿ ಅಂಗಡಿ. ಬೀದಿಯ ಮೂಲೆಯಲ್ಲಿ, ಮೆಟ್ಟಿಲ ಕೆಳಗಿನ ಗೂಡಿನಂಥ ಜಾಗ. ಭಾವನಿಗೆ ಗೊತ್ತಿದ್ದದ್ದು ಒಂದೇ ಮದ್ದು: ಇದ್ದದ್ದನ್ನೆಲ್ಲ ಅಳಿಸಿ, ಕಂಪ್ಯೂಟರನ್ನು ನಡೆಸುವ ಮೂಲ ತಂತ್ರಾಂಶವನ್ನು, ಅಂದರೆ ಓಎಸ್ಸನ್ನು, ಹೊಸದಾಗಿ ಹಾಕುವುದು. ಸ್ಪೀಕರ್ ಕೇಳಿಸದಿದ್ದರೂ ಅದೇ, ಕೀಬೋರ್ಡಿನ ಗುಂಡಿ ಉದುರಿದ್ದರೂ ಅದೇ. ಆ ಓಎಸ್ ತುಂಬಿದ ಪೆನ್‌ಡ್ರೈವ್ ಕಪ್ಪು ದಾರದಲ್ಲಿ ಅವನ ಕೊರಳಿಗೆ ನೇತಾಡುತ್ತಿತ್ತು. ಸ್ನಾನಕ್ಕೆ ಹೋಗುವಾಗಲೂ ತೆಗೆಯುತ್ತಿರಲಿಲ್ಲ. ಬೆವರು, ಸೋಪು, ನೀರು ಕುಡಿದು ಕುಡಿದು ಅದರ ಮೂತಿ ಹಸಿರು ತಿರುಗಿತ್ತು. ಗಿರಾಕಿಗಳ ಮುಂದೆ ಅದನ್ನು ಎರಡೇ ಬೆರಳಲ್ಲಿ ಎತ್ತಿ ಹಿಡಿಯುವ ಠೀವಿ ನೋಡಬೇಕಿತ್ತು. ಕೆಲಸವಾದರೆ ಭಾವನ ಕೈಗುಣ, ಆಗದಿದ್ದರೆ ಕಂಪ್ಯೂಟರಿನ ಹಣೆಬರಹ. ಸತ್ತಿದೆ, ಹೊಸದು ತಗೊಳ್ಳಿ ಎಂದು ಕೈತೊಳೆದುಕೊಳ್ಳುತ್ತಿದ್ದ. ಈಚೀಚೆಗೆ ಆ ಬೀದಿಯಲ್ಲಿ ಕಂಪ್ಯೂಟರುಗಳ ಸಾವು ಯಾಕೋ ಜಾಸ್ತಿಯೇ ಆಗಿತ್ತು.

ಅಕ್ಕ ಮನೆಯ ಮುಂಗೋಣೆಯಲ್ಲಿ ಕಸೂತಿ ಯಂತ್ರ ಇಟ್ಟುಕೊಂಡು ಶಾಲೆಯೊಂದಕ್ಕೆ ಸಮವಸ್ತ್ರದ ಬ್ಯಾಡ್ಜ್ ಹೊಲಿದುಕೊಡುತ್ತಿದ್ದಳು. ಮನೆ ನಡೆಯುತ್ತಿದ್ದದ್ದು ಅದರಿಂದ. ಭಾವನ ಅಂಗಡಿಯಿಂದ ಮನೆಗೆ ಬರುತ್ತಿದ್ದದ್ದು ಭಾವ ಮಾತ್ರ. ಯಂತ್ರ ಹಳೆಯದು, ಬ್ಯಾಡ್ಜಿನ ಚಿತ್ರ ಕಂಪ್ಯೂಟರಿನಿಂದ ಬಂದರೆ ಮಾತ್ರ ಹೊಲಿಯುವಂಥದು. ಅದರ ಕೇಬಲ್ಲು ಒಗ್ಗುತ್ತಿದ್ದದ್ದು ಅಷ್ಟೇ ಹಳೆಯ ಒಂದು ಕಂಪ್ಯೂಟರಿಗೆ. ಈಗಿನವಕ್ಕೆ ಆ ಕೇಬಲ್ ಚುಚ್ಚುವ ತೂತೇ ಇಲ್ಲ. ಹೀಗಾಗಿ ಒಂದು ಶನಿವಾರ ಬೆಳಿಗ್ಗೆ ಕಂಪ್ಯೂಟರ್ ಮೇಲೇಳದೆ ಮುಷ್ಕರ ಹೂಡಿದಾಗ ಯಂತ್ರವೂ ಕೂತಿತು. ಸೋಮವಾರ ಬ್ಯಾಡ್ಜ್ ಕೈಸೇರದಿದ್ದರೆ ಇನ್ನು ಮುಂದೆ ದೊಡ್ಡ ಅಂಗಡಿಗೇ ಕೊಡುತ್ತೇವೆಂದು ಶಾಲೆಯವರು ಮೊದಲೇ ಹೇಳಿದ್ದರು. ಚಿತ್ರಗಳನ್ನೂ ಯಂತ್ರ ನಡೆಸುವ ತಂತ್ರಾಂಶವನ್ನೂ ಅಕ್ಕ ಬೇರೆ ಮೆಮೊರಿ ಕಾರ್ಡಿನಲ್ಲಿ ಇಟ್ಟುಕೊಂಡಿದ್ದಳು. ಗಂಡನ ಮದ್ದು ಅವಳಿಗೆ ಗೊತ್ತಿಲ್ಲದ್ದೇನಲ್ಲ.

ಭಾವ ದಾರ ಬಿಚ್ಚಿ ಪೆನ್‌ಡ್ರೈವ್ ಚುಚ್ಚಿದ. ಓಎಸ್ ಅರ್ಧ ದಾರಿ ಏರಿ ನಿಂತಿತು. ಬೇಕಾದ ಫೈಲನ್ನು ಓದಲಾಗುತ್ತಿಲ್ಲವೆಂದು ಪರದೆಯ ಮೇಲೆ ಬಂತು. ಭಾವ ಅದನ್ನು ಓದುವ ಗೋಜಿಗೆ ಹೋಗದೆ ಗುಂಡಿಯೊತ್ತಿ ಅಳಿಸಿದ. ರ‍್ಯಾಮ್ ಎಂಬ ಮೆಮೊರಿ ಪಟ್ಟಿಯನ್ನು ಕಿತ್ತು ರಬ್ಬರಿನಿಂದ ಉಜ್ಜಿದ. ಮತ್ತೆ ಅಲ್ಲೇ ನಿಂತಿತು. ಅಂಗಡಿಯಿಂದ ಬೇರೆ ಹಾರ್ಡ್‌ಡಿಸ್ಕ್ ತಂದು ಹಾಕಿದ. ಅಲ್ಲೇ. ಕರೆಂಟನ್ನು ಬೈದ, ಕಸೂತಿ ದಾರದ ಧೂಳನ್ನು ಬೈದ, ಇಂಥ ಕೋಣೆಯಲ್ಲಿ ಕಂಪ್ಯೂಟರ್ ಇಟ್ಟವರನ್ನೂ ಬೈದ. ಅಕ್ಕನ ತಮ್ಮ, ಅದೇ ಗುಮಾಸ್ತ, ಟಾರ್ಚ್ ಹಿಡಿದು ನಿಂತು ಎಲ್ಲದಕ್ಕೂ ಹೂಂಗುಟ್ಟಿದ.

ಕೊನೆಗೆ ತೀರ್ಪು ಬಂತು. “ಸತ್ತಿದೆ. ಗುಜರಿಗೆ ಹಾಕು.”

ಯಂತ್ರವನ್ನು ಏನು ಮಾಡಲಿ ಎಂದು ಅಕ್ಕ ಕೇಳಿದಳು.

“ಅದನ್ನೂ ಹಾಕು. ಒಟ್ಟಿಗೆ ಹೋದ್ರೆ ಒಂದೇ ಗಾಡಿ ಸಾಕು.”

ಅಕ್ಕ ತಮ್ಮನ ಕಡೆ ತಿರುಗಿದಳು. “ನೀನು ಬಾಯಿಬಿಟ್ಟು ಏನಾದ್ರೂ ಹೇಳ್ತೀಯೇನೋ, ಇಲ್ಲ ಟಾರ್ಚ್ ಹಿಡ್ಕೊಂಡೇ ಮುದುಕ ಆಗ್ತೀಯೋ?”

ಪೆನ್‌ಡ್ರೈವೇ ಕೆಟ್ಟಿರಬಹುದೇನೋ ಎಂದು ತಮ್ಮ ಗಂಟಲಲ್ಲೇ ಅಂದ. “ತಕ್ಕಡಿ ಮೇಲಿಟ್ಟು ನೋಡ್ತೀಯೇನೋ?” ಎಂದು ಭಾವ ಹೊಟ್ಟೆ ಕುಣಿಯುವಂತೆ ನಕ್ಕು, ಉಂಡು ಮಲಗಿದ. ಪೆನ್‌ಡ್ರೈವ್ ಕಂಪ್ಯೂಟರಿನಲ್ಲೇ ಉಳಿದಿತ್ತು.

ತಮ್ಮ ಅದನ್ನು ಕಿತ್ತು ಆಫೀಸಿಗೆ ಒಯ್ದ. ಅಲ್ಲಿ ಬಿಸಾಡಲೆಂದೇ ಇಟ್ಟಿದ್ದ ಒಂದು ಕಂಪ್ಯೂಟರಿತ್ತು. ಅದಕ್ಕೆ ಚುಚ್ಚಿದ. ಓಎಸ್ ಅರ್ಧ ದಾರಿ ಏರಿ, ಅದೇ ಮಾತು ಹೇಳಿ, ಅದೇ ಜಾಗದಲ್ಲಿ ನಿಂತಿತು. ಎರಡು ಬೇರೆ ಬೇರೆ ಕಂಪ್ಯೂಟರಿಗೆ ಒಂದೇ ಕಡೆ ಒಂದೇ ಥರ ಬೇನೆ ಬರಲು ಅವೇನು ಅವಳಿಗಳೇ? ಕೆಟ್ಟಿದ್ದು ಮದ್ದು.

ಅಲ್ಲಿಗೆ ಅವನೂ ಪಂಡಿತನಾದ. ಓಎಸ್ ತಯಾರಿಸುವವರ ಜಾಲತಾಣದಿಂದಲೇ ಅದನ್ನು ಇಳಿಸಿಕೊಂಡು, ಇಡೀ ಫೈಲನ್ನು ಫೋಟೋ ನಕಲು ಮಾಡಿದ ಹಾಗೆ ಹೊಸ ಪೆನ್‌ಡ್ರೈವಿಗೆ ಎಳೆದುಹಾಕಿ, ಎದೆಯುಬ್ಬಿಸಿ ಬಂದ. ಅಕ್ಕನ ಕಂಪ್ಯೂಟರ್ ಅದನ್ನು ಕಣ್ಣೆತ್ತಿಯೂ ನೋಡಲಿಲ್ಲ. “ಸತ್ತಿದೆ ಅನ್ಸುತ್ತಕ್ಕಾ” ಎಂದ, ಥೇಟ್ ಭಾವನ ದನಿಯಲ್ಲಿ.

ಅಕ್ಕ ಅವನ ಲ್ಯಾಪ್‌ಟಾಪನ್ನು ಎಳೆದುಕೊಂಡು ಅದೇ ಜಾಲತಾಣವನ್ನು ಮೇಲಿಂದ ಕೆಳಗೆ ಓದಿದಳು. ಸುಮ್ಮನೆ ನಕಲು ಮಾಡಿದರೆ ಆಗುವುದಿಲ್ಲ, ಪೆನ್‌ಡ್ರೈವಿಗೆ ಬರೆಯಲು ಬೇರೆ ತಂತ್ರಾಂಶವಿದೆ ಎಂದು ಅಲ್ಲಿ ದಪ್ಪಕ್ಷರದಲ್ಲೇ ಇತ್ತು. ಇಳಿದ ಫೈಲು ಪೂರ್ತಿಯಿದೆಯೇ ಎಂದು ತಾಳೆ ನೋಡಲು ಒಂದು ಉದ್ದನೆಯ ಸಂಕೇತವನ್ನೂ ಕೊಟ್ಟಿದ್ದರು. ಓದೋಕೆ ಬರುತ್ತೆ ಅಂತ ತಾನೆ ಆಫೀಸಿನವರು ಸಂಬಳ ಕೊಡೋದು ಎಂದು ಕೇಳಿದಳು. ತಮ್ಮ ಸಂಕೇತವನ್ನು ತಾಳೆ ನೋಡಿದ, ಸರಿಯಿತ್ತು. ಪೆನ್‌ಡ್ರೈವನ್ನು ಹೇಳಿದಂತೆ ಬರೆದು ಚುಚ್ಚಿದರು. ಅರ್ಧ ದಾರಿ ಬಂತು. ಅಕ್ಕ ಮುಖ ತಿರುಗಿಸಿಕೊಂಡಳು. ಅದು ನಿಲ್ಲದೆ ಮುಂದೆ ಹೋಯಿತು.

ಸಂಜೆಗೆ ಯಂತ್ರ ಟಕಟಕ ಶುರುವಿಟ್ಟಿತು. ಆ ಸದ್ದಿಗೆ ಎದ್ದ ಭಾವ ಕಣ್ಣುಜ್ಜುತ್ತ ಬಂದು, ಮೊದಲ ಬ್ಯಾಡ್ಜನ್ನು ಎತ್ತಿ ನೋಡಿ, ತಾನು ರ‍್ಯಾಮ್ ಉಜ್ಜಿದ್ದು ಈಗ ಫಲ ಕೊಟ್ಟಿತೆಂದು ಹೇಳಿದ. ತಮ್ಮ ಎರಡೂ ಪೆನ್‌ಡ್ರೈವುಗಳನ್ನು ಮೇಜಿನ ಮೇಲಿಟ್ಟು ನಡೆದದ್ದನ್ನು ಹೇಳಿದ. ಭಾವ ತನ್ನದನ್ನು ಎತ್ತಿಕೊಂಡು ದಾರಕ್ಕೆ ಪೋಣಿಸತೊಡಗಿದ.

ಅಕ್ಕ ಯಂತ್ರ ನಿಲ್ಲಿಸಿದಳು. “ನನ್ನ ಯಂತ್ರಾನೇ ಗುಜರಿಗೆ ಹಾಕು ಅಂದ್ರಲ್ಲ, ಅದಕ್ಕೂ ಮುಂಚೆ ಈ ಪೆನ್‌ಡ್ರೈವೇ ಕೆಟ್ಟಿರಬಹುದು ಅಂತ ನಿಮಗೆ ಅನುಮಾನಾನೇ ಬರ್ಲಿಲ್ವಾ?”

“ಹೋದ ವರ್ಷಾನೇ ಬಂದಿತ್ತು” ಎಂದ ಭಾವ ಗಂಟು ಬಿಗಿಯುತ್ತ. “ನೋಡಿದ್ರೆ ಗೊತ್ತಾಗ್ಬಿಡುತ್ತೆ ಅಂತಾನೇ ನೋಡ್ಲಿಲ್ಲ.”