ಬೇಸಿಗೆಯ ರಸ್ತೆ

ರಾಹುಕಾಲ ಶುರುವಾಗುವುದರೊಳಗೆ ಹಿಡಿ ಮಣ್ಣು ತರಬೇಕಿತ್ತು. ಜಾಗ ಕೊಳ್ಳುವ ಮುನ್ನ ಅಲ್ಲಿಯ ಮಣ್ಣನ್ನು ದೇವರ ಮುಂದಿಟ್ಟು, ಕುಂಕುಮ ಏರಿಸಿ, ಆಮೇಲೆ ಕರಾರಿಗೆ ಸಹಿ ಹಾಕುವುದು ವಿನೀತನ ಮನೆತನದ ರೀತಿ. ಆ ಶುಕ್ರವಾರ ಮಣ್ಣು ತರುವ ಕೆಲಸ ಧನಶ್ರೀಯ ಪಾಲಿಗೆ ಬಂದಿತ್ತು. ಜಾಗ ಆರಿಸಿದವಳೂ ಅವಳೇ.

ಹುಬ್ಬಳ್ಳಿಯ ದೇಶಪಾಂಡೆ ನಗರದಲ್ಲಿರುವ ವಿನೀತನ ಕಟ್ಟಡ ಕಂಪನಿಯಲ್ಲಿ ಅವಳದು ನಕಾಶೆಯ ಕೆಲಸ. ಯಾವ ರಸ್ತೆ ಎಲ್ಲಿ ಕೂಡುತ್ತದೆ, ಯಾವ ತಿರುವಿನಲ್ಲಿ ಎಷ್ಟು ಹೊತ್ತು ಹೋಗುತ್ತದೆ ಎಂಬುದನ್ನೆಲ್ಲ ಕಂಪ್ಯೂಟರಿಗೆ ಕೊಟ್ಟರೆ, ಒಂದು ಜಾಗಕ್ಕೆ ಬೇಗ ಮುಟ್ಟಬಹುದಾದ ಮನೆಗಳೆಲ್ಲ ಪರದೆಯ ಮೇಲೆ ಹಸಿರಾಗುತ್ತವೆ. ವಿನೀತನ ತಂಗಿ ಪ್ರಾಚಿ ಡಾಕ್ಟರು. ಅವಳ ಹೆರಿಗೆ ಆಸ್ಪತ್ರೆಗೆ ಜಾಗ ಹುಡುಕುವಾಗ ಎಲ್ಲಕ್ಕಿಂತ ಹೆಚ್ಚು ಹಸಿರು ಕಂಡದ್ದು ಬೈರಿದೇವರಕೊಪ್ಪದ ಹಿಂದಿನ ಈ ನೆಲದ ಸುತ್ತ. ಧನಶ್ರೀಯ ಅಕ್ಕ ಉಣಕಲ್ಲಿನ ಹತ್ತಿರ ಸಿಕ್ಕಿಬಿದ್ದ ಆಟೋದಲ್ಲೇ ಹೆತ್ತವಳು. ಹಾಗಾಗಿ ಈ ಲೆಕ್ಕವನ್ನು ಧನಶ್ರೀ ಹರಕೆ ತೀರಿಸಿದಂತೆ ಮಾಡಿದ್ದಳು. ಉಪಗ್ರಹದ ಚಿತ್ರದಲ್ಲಿ ಹೆದ್ದಾರಿಯಿಂದ ನೇರವಾಗಿ ಆ ಜಾಗಕ್ಕೆ ಹೋಗುವ ಬಿಳಿ ಗೆರೆಯೊಂದಿತ್ತು. ಅದನ್ನಷ್ಟೇ ನಂಬದೆ ಏಪ್ರಿಲ್‌ನಲ್ಲಿ ತಾನೇ ಸ್ಕೂಟಿಯ ಮೇಲೆ ಹೋಗಿ ಬಂದಿದ್ದಳು. ಗಟ್ಟಿ, ಅಗಲವಾದ ದಾರಿ.

ಈಗ ಅದೇ ತಿರುವಿನಲ್ಲಿ ಸ್ಕೂಟಿ ನಿಲ್ಲಿಸಿದಳು. ಫೋನಿನ ನಕಾಶೆಯಲ್ಲಿ ದಾರಿಯಿತ್ತು, ಎದುರಿಗೆ ಇರಲಿಲ್ಲ. ಎರಡು ದಿನದ ಮಳೆಗೆ ಹದಗೊಂಡ ಕರಿ ಮಣ್ಣು ಸಾಲು ಸಾಲಾಗಿ ತೆರೆದುಕೊಂಡಿತ್ತು. ತುಸು ಆಚೆ ಶಿದ್ದಪ್ಪನೆಂಬ ರೈತ ಎತ್ತು ಕಟ್ಟಿ ಬಿತ್ತುವ ಕೂರಿಗೆ ಹೊಡೆಯುತ್ತಿದ್ದ, ಹಿಂದೆ ಅವನ ಹೆಂಡತಿ ರೇಣವ್ವ ಕಾಳು ಬಿಡುತ್ತಿದ್ದಳು.

"ಕಾಕಾ, ಇಲ್ಲಿದ್ದ ರಸ್ತೆ ಎಲ್ಲಿ ಹೋತ್ರಿ?"

ಶಿದ್ದಪ್ಪ ಎತ್ತು ನಿಲ್ಲಿಸಿದ. "ರಸ್ತೆ ಎಲ್ಲಿತ್ತವಾ? ನಮ್ಮ ಹೊಲದಾಗ ನಿಂತೀ ನೀ."

"ಬ್ಯಾಸಿಗ್ಯಾಗ ನಾನ ಇದರ ಮ್ಯಾಲೆ ಗಾಡಿ ಹೊಡದೀನ್ರಿ."

"ಹೊಡದಿರಬೇಕು. ಸುಗ್ಗಿ ಮುಗದ ಮ್ಯಾಲೆ ಬಿಟ್ಟಿರತೇವಿ, ಮಂದಿ ಅಡ್ಡ್ಯಾಡತಾರ. ಮಳಿ ಬಿತ್ತಂದ್ರ ಹರಗಿ ಬಿತ್ತತೇವಿ. ನಮ್ಮಪ್ಪನೂ ಹಂಗ ಮಾಡತಿದ್ದ."

"ನಿನ್ನ ಫೋನಿಗೆ ಹೇಳವಾ ತಂಗಿ," ಎಂದು ರೇಣವ್ವ ನಕ್ಕಳು, "ದಾರಿ ತೋರಸೂ ಮುಂದ ನಮ್ಮನ್ನೊಂದು ಮಾತು ಕೇಳು ಅಂತ."

ಧನಶ್ರೀಗೆ ನಗು ಬರಲಿಲ್ಲ. ಪರದೆಯ ಮೇಲಿನ ಹಸಿರೆಲ್ಲ ಈ ಒಂದು ಗೆರೆಯ ಮೇಲೆ ನಿಂತಿತ್ತು. ಅಷ್ಟರಲ್ಲಿ ಫೋನು ಬಂತು.

"ಮಣ್ಣು ತಗೊಂಡಿಯೇನು? ಎಲ್ಲಾರೂ ಕೂತಾರ," ಎಂದ ವಿನೀತ.

"ಸರ್, ಒಂದು ಮಾತು ಹೇಳೂದದ—"

"ಬಂದು ಹೇಳು. ಹೊತ್ತಾಗ್ತದ." ಫೋನು ಕಟ್ಟಾಯಿತು.

ಅವಳ ಕೈಯಲ್ಲಿದ್ದ ಸ್ಟೀಲಿನ ಡಬ್ಬಿಯನ್ನು ಶಿದ್ದಪ್ಪ ನೋಡಿದ. "ಮಣ್ಣು ಬೇಕೇನು? ಇಲ್ಲೇ ತುಂಬಕೋ. ಆಚಿ ಮಾರಾಟದ ಹೊಲದ್ದೂ ಇದ ಮಣ್ಣು, ಈ ಹೊಲದ್ದೂ ಇದ. ಯಾರಿಗೆ ಗೊತ್ತಾಗತೈತಿ?"

ಯಾರಿಗೂ ಗೊತ್ತಾಗುತ್ತಿರಲಿಲ್ಲ. ಧನಶ್ರೀ ಕುಕ್ಕರಗಾಲಿನಲ್ಲಿ ಕುಳಿತು ಮುಷ್ಟಿ ತುಂಬ ಮಣ್ಣು ತೆಗೆದಳು. ದೇವರ ಮುಂದೆ ಇಡುವ ಮಣ್ಣು. ಆಟೋದಲ್ಲಿ ಅಕ್ಕ ಹಿಡಿದ ಹಿಡಿತಕ್ಕೆ ಇದೇ ಕೈ ವಾರಗಟ್ಟಲೆ ನೊಂದಿತ್ತು. ಮುಷ್ಟಿ ಬಿಚ್ಚಿ ಮಣ್ಣನ್ನು ಸಾಲಿಗೇ ಬಿಟ್ಟಳು.

ಆ ಜಾಗಕ್ಕೆ ಹೋಗಲು ಉಳಿದದ್ದು ಊರೊಳಗಿನ ದಾರಿ. ಅದನ್ನೂ ನೋಡೋಣವೆಂದು ಹೋದಳು. ಮೇಲಿನ ಊರುಗಳ ಮಳೆಗೆ ಏರಿದ ಹಳ್ಳದ ನೀರು ಸೇತುವೆಯ ಮೇಲೆ ಹರಿಯುತ್ತಿತ್ತು. ಈಚೆ ದಡದಲ್ಲಿ ಶಾಲೆಯ ವ್ಯಾನೊಂದು ನಿಂತೇ ಇತ್ತು. ತಿರುಗಿ ಹೆದ್ದಾರಿಗೆ ಬಂದರೆ ನಡುವೆ ಬಸ್ಸಿಗೆಂದೇ ಬಿಟ್ಟ ಹಾದಿ, ದಾಟಲಾಗದಂತೆ ಅದಕ್ಕೆ ಕಬ್ಬಿಣದ ಕಟಕಟೆ. ಹುಬ್ಬಳ್ಳಿಯ ಕಡೆ ಹೊರಳಲು ಮತ್ತಷ್ಟು ದೂರ ಧಾರವಾಡದ ಕಡೆಗೇ ಹೋಗಬೇಕು. ಫೋನು ಬಡಿದುಕೊಳ್ಳುತ್ತಲೇ ಇತ್ತು, ಎತ್ತಿದರೆ ವಿನೀತ ಬೇಗ ಬಾ ಎಂದಷ್ಟೇ ಹೇಳಿ ಇಡುತ್ತಿದ್ದ. ಸಿದ್ಧಾರೂಢರನ್ನು ನೆನೆದು ಗಾಡಿ ಓಡಿಸಿದಳು. ತಾನು ಮುಟ್ಟುವ ಮೊದಲೇ ಅವಸರಕ್ಕೆ ಸಹಿ ಹಾಕಿಬಿಟ್ಟರೆ?

ಕಚೇರಿಯಲ್ಲಿ ದೀಪ ಹಚ್ಚಿತ್ತು. ಪ್ರಾಚಿಯ ಕೈಯಲ್ಲಿ ಪೆನ್ನು, ಎದುರಿಗೆ ಜಾಗದ ಮಾಲೀಕರು. ವಿನೀತ ಡಬ್ಬಿ ಇಸಿದುಕೊಂಡು ಮುಚ್ಚಳ ತೆಗೆದ. ಖಾಲಿ.

"ಒಂದು ಹಿಡಿ ಮಣ್ಣು ತರಲಿಕ್ಕೆ ಆಗಲಿಲ್ಲೇನು ನಿನಗ?"

"ಆಗಲಿಲ್ರಿ ಸರ್. ಆ ಜಾಗಕ್ಕ ಮುಟ್ಟಲಿಕ್ಕೇ ಆಗಲಿಲ್ಲ. ನಾ ತೋರಿಸಿದ್ದು ಬ್ಯಾಸಿಗಿ ರಸ್ತೆ. ಈಗ ಅಲ್ಲೆ ಬಿತ್ತಲಿಕ್ಕತ್ತಾರ. ತಪ್ಪು ನಂದು."

"ಮಳಿ ನಾಕು ದಿನ ಇರತೈತ್ರಿ," ಎಂದರು ಮಾಲೀಕರು. "ತಡದ್ರ ಆತು."

ಪ್ರಾಚಿ ಧನಶ್ರೀಯ ಕೆಸರುಗಾಲನ್ನು ನೋಡಿದಳು, ಆಮೇಲೆ ಮಾಲೀಕರನ್ನು. "ಹೆರಿಗಿಗೆ ಬಂದಾಕಿಗೆ ನಾಕು ದಿನ ತಡೀ ಅನ್ನಲೇನ್ರಿ?" ಪೆನ್ನಿಗೆ ಟೋಪಿ ಹಾಕಿ ಮೇಜಿನ ಮೇಲಿಟ್ಟಳು.

ಮಾಲೀಕರು ಚಹಾ ಕುಡಿಯದೆ ಎದ್ದು ಹೋದರು. ವಿನೀತ ಬಾಗಿಲು ಹಾಕಿಕೊಂಡು ಒಳಗೆ ಕುಳಿತ. ಕೆಲಸ ಹೋಯಿತೆಂದೇ ತಿಳಿದು ಧನಶ್ರೀ ಕಂಪ್ಯೂಟರ್ ತೆರೆದು ಆ ಗೆರೆಯನ್ನು ಅಳಿಸಿದಳು. ಹಸಿರು ಅಂಚಿನಿಂದ ಒಳಗೊಳಗೆ ಸರಿಯಿತು. ಬೇಡವೆಂದು ಬಿಟ್ಟಿದ್ದ ಉಳಿದ ಜಾಗಗಳನ್ನು ಒಂದೊಂದಾಗಿ ಮತ್ತೆ ಎಳೆದುಕೊಂಡಳು.

ಹಿಂದೆ ಯಾರೋ ನಿಂತಂತಾಯಿತು. ವಿನೀತ. ಮುಖ ಇನ್ನೂ ಬಿಗಿದೇ ಇತ್ತು, ಕೈಯಲ್ಲಿ ಕಾರಿನ ಕೀಲಿ.

"ಏಳು," ಎಂದ. "ಮಳಿ ನಿಲ್ಲೂದ್ರೊಳಗ ಈ ಜಾಗಗಳನ್ನೂ ನೋಡಿ ಬರೋಣ."