ಬಾಣಂತಿ ಕೋಣೆಯ ಅಗ್ಗಿಷ್ಟಿಕೆ

ನಂದಿದುರ್ಗ ಚಿನ್ನದ ಗಣಿಯ ಕೂಲಿಕಾರರ ಸಾಲುಮನೆಗಳು, ಅಂದರೆ ನಮ್ಮ ಲೈನಿನಲ್ಲಿ ಮುನಿಗಂಗಮ್ಮನ ಕೈಯಲ್ಲಿ ನೀರು ಹಾಕಿಸಿಕೊಳ್ಳದ ಮಗುವೇ ಇಲ್ಲ. ಗಣಿ ಕೆಲಸದವನನ್ನು ಮದುವೆಯಾಗಿ ಕಾಮಸಮುದ್ರದ ಕಡೆಯಿಂದ ಬಂದವಳು ಅವಳು. ಗಣಿ ಮುಚ್ಚಿತು, ಗಂಡ ತೀರಿಕೊಂಡ, ಅವಳ ಕೈ ಹಿಡಿದದ್ದು ಈ ಕೆಲಸ. ಬಾಣಂತಿಗೆ ಎಣ್ಣೆ ಹಚ್ಚಿ ಬಿಸಿನೀರು ಹಾಕುವುದು, ಮಗುವನ್ನು ಕಾಲ ಮೇಲೆ ಹಾಕಿಕೊಂಡು ಮೀಯಿಸುವುದು, ಆಮೇಲೆ ಕೋಣೆಯಲ್ಲಿ ಇದ್ದಿಲಿನ ಅಗ್ಗಿಷ್ಟಿಕೆ ಇಟ್ಟು, ಸಾಂಬ್ರಾಣಿ ಹಾಕಿ, ಗಾಳಿ ಆಡದಂತೆ ಬಾಗಿಲು ಮುಚ್ಚುವುದು. ತೆಲುಗರ ಮನೆಯಲ್ಲಿ ತೆಲುಗು, ತಮಿಳರ ಮನೆಯಲ್ಲಿ ತಮಿಳು. ಬೈಗುಳ ಮಾತ್ರ ಎಲ್ಲರಿಗೂ ಕನ್ನಡದಲ್ಲೇ. ಅವಳ ಕೈಯಲ್ಲಿ ಒಂದು ಜೀವವೂ ಕೆಟ್ಟಿಲ್ಲ ಎಂಬ ಜಂಬ ಬೇರೆ. ಆ ಜಂಬಕ್ಕೆ ಅವಳು ಅರ್ಹಳೇ ಆಗಿದ್ದಳು, ಇಲ್ಲ ಅನ್ನಲಾರೆ.

ನಾನು ಪಕ್ಕದ ಮನೆಯ ವನಿತಾ, ಕಾಲೇಜಿನಲ್ಲಿ ರಸಾಯನಶಾಸ್ತ್ರ ಪಾಠ ಮಾಡುವವಳು. ಬಾಯಿ ಜೋರು ಎಂದು ನನಗೂ ಹೆಸರಿದೆ. ನಲ್ಲಿಯ ಹತ್ತಿರ ನಾವಿಬ್ಬರೂ ಮಾತಿಗೆ ನಿಂತರೆ ಉಳಿದವರು ಕೊಡ ಬಿಟ್ಟು ಹೋಗುತ್ತಿದ್ದರು.

ಕಳೆದ ಚಳಿಗಾಲದಲ್ಲಿ ಅವಳ ಒಬ್ಬಳೇ ಮಗಳು ಮುನಿಲಕ್ಷ್ಮಿ ಬಾಣಂತನಕ್ಕೆ ತವರಿಗೆ ಬಂದಳು. ಹೆಣ್ಣು ಮಗು, ಮುಷ್ಟಿಯಷ್ಟು ಮುಖ. ಲೈನಿನ ಮನೆಗಳದ್ದು ತಗಡಿನ ಸೂರು. ಗೋಡೆಗೂ ತಗಡಿಗೂ ನಡುವೆ ಅಂಗೈ ತೂರುವಷ್ಟು ಸಂದು. ಮಗಳಿಗೆ ಚಳಿ ತಾಗಬಾರದೆಂದು ಮುನಿಗಂಗಮ್ಮ ಗಾರೆಯವನನ್ನು ಕರೆಸಿ ಆ ಸಂದನ್ನೆಲ್ಲ ಸಿಮೆಂಟಿನಿಂದ ಮುಚ್ಚಿಸಿದಳು. ಕಿಟಕಿಗೆ ಪ್ಲಾಸ್ಟಿಕ್ ಹೊಡೆಸಿದಳು. "ಇನ್ನ ಒಂದ್ ಸೊಳ್ಳೆ ಬರ್ಲಿ ನೋಡಣ" ಎಂದು ಬೀದಿಯವರನ್ನೆಲ್ಲ ಕರೆದು ತೋರಿಸಿದಳು.

ಕೆಲವೇ ದಿನಕ್ಕೆ ಮುನಿಲಕ್ಷ್ಮಿಗೆ ತಲೆನೋವು, ವಾಂತಿ. ಹಿತ್ತಲ ಬಚ್ಚಲಿಗೆ ಬಂದು ನೀರು ಹಾಕಿಸಿಕೊಂಡರೆ ಹಾಯೆನಿಸುತ್ತಿತ್ತಂತೆ, ಒಳಗೆ ಹೋಗಿ ಮಲಗಿದರೆ ಮತ್ತೆ ತಲೆ ಸಿಡಿತ. "ಶೀತ ಕಣೇ ಅದು" ಎಂದು ತಾಯಿ ಇನ್ನಷ್ಟು ಇದ್ದಿಲು ಸುರಿದಳು. ಕಾಯಿಲೆ ಬರಿಸಿದ್ದನ್ನೇ ಮದ್ದೆಂದು ಹೆಚ್ಚೆಚ್ಚು ಕೊಟ್ಟಳು! ಇದೆಲ್ಲ ನನಗೆ ಗೊತ್ತಾದದ್ದು ಆಮೇಲೆ.

ಒಂದು ಭಾನುವಾರ ಬೆಳಿಗ್ಗೆ ಅವಳ ಕಿರುಚಾಟ ಕೇಳಿ ಓಡಿದೆ. ಬೇರೆ ಮನೆಯ ಬಾಣಂತಿಗೆ ನೀರು ಹಾಕಿ ಆಗಷ್ಟೇ ಬಂದು ಬಾಗಿಲು ತೆಗೆದಿದ್ದಳು. ಒಳಗೆ ಹೊಗೆ ಇಲ್ಲ, ಕೆಟ್ಟ ವಾಸನೆ ಇಲ್ಲ. ಅಗ್ಗಿಷ್ಟಿಕೆಯಲ್ಲಿ ಕೆಂಡ ಕೆಂಪಗಿತ್ತು. ಮುನಿಲಕ್ಷ್ಮಿ ಬಾಯಿ ತೆರೆದು ಬಿದ್ದಿದ್ದಳು, ಅಲುಗಿಸಿದರೂ ಕಣ್ಣು ಬಿಡಲಿಲ್ಲ. ಪಕ್ಕದಲ್ಲಿದ್ದ ಮಗುವನ್ನು ಎತ್ತಿದರೆ ಒದ್ದೆ ಬಟ್ಟೆಯಂತೆ ಜೋತಾಡಿತು.

"ಗಾಳಿ ಸೋಕೈತೆ, ಪೂಜಾರಪ್ಪನ್ನ ಕರೀರಿ" ಎಂದ ಆಟೋ ಸುಬ್ರಮಣಿ.

"ಪೂಜಾರಪ್ಪ ಆಮೇಲೆ, ಮೊದಲು ಆಟೋ ತಾರೋ ಮಂಕೇ!" ಎಂದು ಕೂಗಿದೆ. ಮಗುವನ್ನು ಬಗಲಿಗೆ ಹಾಕಿಕೊಂಡು, ಮುನಿಲಕ್ಷ್ಮಿಯ ರಟ್ಟೆ ಹಿಡಿದು ಜಗುಲಿಗೆ ಎಳೆದೆ. ಮುನಿಗಂಗಮ್ಮ ಏನು ಮಾಡಿದಳು ಗೊತ್ತೇ? ಮಗಳ ಕಾಲು ಹಿಡಿದು ವಾಪಸ್ಸು ಒಳಕ್ಕೆ ಎಳೆದಳು! "ಅಯ್ಯಯ್ಯೋ, ಹಸೀ ಬಾಣಂತಿ, ಗಾಳಿ ತಗಲ್ತದೆ, ಒಳಿಕ್ಕೆ ಬಿಡಮ್ಮೋ!" ಹೆತ್ತವಳು ಮಗಳನ್ನು ಸಾವಿನ ಕೋಣೆಗೆ ಎಳೆಯುತ್ತಿದ್ದಾಳೆ, ಅದೂ ಪ್ರೀತಿಯಿಂದ. ಮರುಕ್ಷಣ ಅವಳನ್ನು ಜೋರಾಗಿ ತಳ್ಳಿದೆ.

ಆಸ್ಪತ್ರೆಯಲ್ಲಿ ಕೆಂಡದ ವಿಷಯ ಹೇಳಿದ ಕೂಡಲೇ ತಾಯಿಗೂ ಮಗುವಿಗೂ ಆಮ್ಲಜನಕದ ಮಾಸ್ಕು ಹಾಕಿದರು. ಹೊರಗೆ ಬೆಂಚಿನ ಮೇಲೆ ಮುನಿಗಂಗಮ್ಮ ನನ್ನ ಸೆರಗು ಹಿಡಿದುಕೊಂಡಳು. "ಏನಾಯ್ತು ಏಳಮ್ಮ. ನನ್ ಕೈಯಾರೆ ಏನ್ ಮಾಡ್ದೆ ನಾನು?"

ಹೇಳಿದೆ. ಗಾಳಿ ಸಾಕಷ್ಟು ಇಲ್ಲದೆ ಇದ್ದಿಲು ಉರಿದರೆ ಬಣ್ಣ, ವಾಸನೆ ಎರಡೂ ಇಲ್ಲದ ವಿಷದ ಅನಿಲ ಬರುತ್ತದೆ, ಅದು ಕಾರ್ಬನ್ ಮಾನಾಕ್ಸೈಡ್. ರಕ್ತ ಆಮ್ಲಜನಕವನ್ನು ಎತ್ತಿಕೊಳ್ಳುತ್ತದೆ, ಇಳಿಸುತ್ತದೆ. ಎರಡೂ ಕಡೆಗೆ ನಡೆಯುವ ಕ್ರಿಯೆ, ನಾನು ಬೋರ್ಡಿನ ಮೇಲೆ ಎದುರುಬದುರು ಎರಡು ಬಾಣ ಹಾಕಿ ತೋರಿಸುವಂಥದ್ದು. ಎತ್ತುವ ವೇಗವೂ ಇಳಿಸುವ ವೇಗವೂ ಒಂದೇ ಆದಾಗ ಅದು ಸಮತೋಲನ. ಈ ವಿಷ ಆಮ್ಲಜನಕದ ಜಾಗದಲ್ಲಿ ಕೂತರೆ ಬಿಡುವುದು ಬಹಳ ನಿಧಾನ. ಆದರೂ ಬಿಡುತ್ತದೆ, ಅದೇ ನಮ್ಮ ಪುಣ್ಯ. ಆಮ್ಲಜನಕ ಹೆಚ್ಚು ಕೊಟ್ಟಷ್ಟೂ ಸಮತೋಲನ ನಮ್ಮ ಕಡೆಗೆ ವಾಲುತ್ತದೆ, ವಿಷ ಜಾಗ ಬಿಡುತ್ತದೆ. ಬರೀ ಗಾಳಿಯಲ್ಲಿ ಗಂಟೆಗಟ್ಟಲೆ ಆಗುವ ಕೆಲಸ ಮಾಸ್ಕಿನಲ್ಲಿ ಬೇಗ ಆಗುತ್ತದೆ.

"ಅಂಗಾರೆ ಬಚ್ಚಲಿಗೆ ಬಂದಾಗ..."

"ಹೂಂ ಗಂಗಕ್ಕ. ಅವಳಿಗೆ ಹಾಯೆನಿಸಿದ್ದು ನಿನ್ನ ನೀರಿನಿಂದ ಅಲ್ಲ, ಹೊರಗಿನ ಗಾಳಿಯಿಂದ."

"ಇಷ್ಟ್ ವರ್ಸ ಎಲ್ರಿಗೂ ಇಟ್ಟಿದೀನಲ್ಲಮ್ಮ ಕೆಂಡ?"

"ಇಷ್ಟು ವರ್ಷ ಸಂದು ಇತ್ತಲ್ಲ."

ಅವಳು ಬಾಯಿಗೆ ಸೆರಗು ತುರುಕಿಕೊಂಡಳು. ಅಷ್ಟರಲ್ಲಿ ಒಳಗೆ ಮಗು ಅತ್ತಿತು. ಮುನಿಲಕ್ಷ್ಮಿ ಕಣ್ಣು ಬಿಟ್ಟಳು, ಇಬ್ಬರೂ ಉಳಿಯುತ್ತಾರೆ ಎಂದು ನರ್ಸು ಬಂದು ಹೇಳಿದಳು. ನನಗೆ ಅಳು ಬಂತು. ಮುನಿಗಂಗಮ್ಮ ನಗಲೂ ಇಲ್ಲ, ಅಳಲೂ ಇಲ್ಲ. ಬೂದಿ ಬಳಿದಂಥ ಮುಖದಲ್ಲಿ ಎದ್ದು ನಿಂತಳು.

"ಅಂಬಿಕ" ಎಂದಳು.

"ಯಾವ ಅಂಬಿಕ?"

"ಆಂಡರ್ಸನ್‌ಪೇಟೆ ಬಾಣಂತಿ. ಬೆಳಿಗ್ಗೆ ಅವ್ಳಿಗೆ ನೀರಾಕಿ, ಕೆಂಡ ಇಟ್ಟು, ಬಾಗ್ಲು ತೆಗೀಬೇಡ್ರಿ ಅಂತ ಏಳಿ ಬಂದಿದೀನಿ. ಒಸಾ ಮೋಲ್ಡ್ ಮನೆ ಅಮ್ಮೋ, ಕಾಂಕ್ರೀಟ್ ಸೂರು. ಸಂದೇ ಇಲ್ಲ!"

ಅವಳಿಂದ ನಂಬರು ಪಡೆದು ಫೋನ್ ಮಾಡಿದೆ, ಯಾರೂ ಎತ್ತಲಿಲ್ಲ. ಸುಬ್ರಮಣಿ ಆಟೋ ಹಾರಿಸಿದ. ಮನೆ ಮುಂದೆ ಇನ್ನೂ ನಿಲ್ಲುವ ಮೊದಲೇ ಮುನಿಗಂಗಮ್ಮ ಇಳಿದು, ಕಲ್ಲೆತ್ತಿ ಕೋಣೆಯ ಕಿಟಕಿ ಗಾಜಿಗೆ ಬೀಸಿದಳು. ಬಾಗಿಲು ತೆಗೆದವಳು ಅಂಬಿಕಳ ಅತ್ತೆ. ಅವಳನ್ನು ನೂಕಿಕೊಂಡು ಮುನಿಗಂಗಮ್ಮ ಒಳನುಗ್ಗಿದವಳೇ, ಉರಿಯುತ್ತಿದ್ದ ಕಬ್ಬಿಣದ ಅಗ್ಗಿಷ್ಟಿಕೆಯನ್ನು ಬರಿಗೈಯಲ್ಲಿ ಎತ್ತಿ ತಂದು ಮೋರಿಗೆ ಎಸೆದಳು. ಒಳಗೆ ಅಂಬಿಕ ತಲೆ ಹಿಡಿದುಕೊಂಡು ಕೂತಿದ್ದಳು. ಮಗು ಮೊಲೆ ಚೀಪುತ್ತಿತ್ತು. ಅಬ್ಬಾ! ಇಬ್ಬರನ್ನೂ ಹೊರಗೆ ಕರೆತಂದು ಆಟೋದಲ್ಲಿ ಕೂರಿಸಿದೆ.

"ಹುಚ್ಚು ಗಿಚ್ಚು ಹಿಡೀತೇನೇ ನಿಂಗೆ?" ಅತ್ತೆ ಅರಚಿದಳು. "ಬಾಣಂತಿಗೆ ಗಾಳಿ ತಗಲ್ತದೆ ಕಣೇ!"

ಮುನಿಗಂಗಮ್ಮ ಆ ಬಾಗಿಲನ್ನು ಯಾರೂ ಮುಚ್ಚದಂತೆ ಹೊಸ್ತಿಲ ಮೇಲೆ ಅಡ್ಡ ಕೂತಳು. ಸುಟ್ಟ ಅಂಗೈಗಳನ್ನು ಮಡಿಲಲ್ಲಿ ಮೇಲ್ಮುಖವಾಗಿ ಇಟ್ಟುಕೊಂಡಿದ್ದಳು.

"ತಗಲ್ಲಿ ಬಿಡವ್ವ" ಎಂದಳು. "ತಗಲ್ಲಿ."